ಚಕ್ರದ ಮೇಲಿನ ಮನೆ: ಹೊರಡುವ ಮುನ್ನದ ಲೆಕ್ಕ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೋ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೋ ಜಾತ್ರೆಗೆ ಹೊರಟ ಕೊಲ್ಲಾರಿ ಬಂಡಿಗಳನ್ನು ಉತ್ತರ ಕರ್ನಾಟಕದ ಹಿರಿಯರೆಲ್ಲ ಬಲ್ಲರು. ಮೇಲೆ ಕಮಾನಿನ ಮುಚ್ಚಿಗೆ, ಒಳಗೆ ಹುಲ್ಲಿನ ಮೆತ್ತೆ, ರೊಟ್ಟಿಯ ಗಂಟು, ನೀರಿನ ಕೊಡ, ಎತ್ತುಗಳಿಗೆ ಮೇವು, ಬಂಡಿಯ ಕೆಳಗೆ ತೂಗುವ ಕಂದೀಲು. ಕತ್ತಲಾದಲ್ಲಿ ಎತ್ತು ಬಿಚ್ಚಿದರೆ ಅದೇ ಮನೆ, ಬೆಳಗಾದರೆ ಅದೇ ವಾಹನ. ಎಷ್ಟು ದಿನದ ದಾರಿ, ಎಷ್ಟು ಮೇವು, ಎಷ್ಟು ರೊಟ್ಟಿ ಎಂಬ ಲೆಕ್ಕ ಮನೆಯ ಯಜಮಾನನ ನಾಲಗೆಯ ತುದಿಯಲ್ಲಿರುತ್ತಿತ್ತು.

ಈಗ ಕಾಲ ಬದಲಾಗಿದೆ. ಹಳೆಯ ವ್ಯಾನೊಂದನ್ನು ಕೊಂಡು, ಹಿಂದಿನ ಆಸನಗಳ ಜಾಗದಲ್ಲಿ ಹಾಸಿಗೆ ಹಾಸಿ, ಚಾವಣಿಗೆ ಸೌರಫಲಕ ಕಟ್ಟಿ, ಒಬ್ಬನೇ ದೇಶ ಸುತ್ತಬೇಕೆಂಬುದು ಇಂದಿನ ಅನೇಕ ತರುಣರ ಕನಸು. ರಾಯಚೂರು ತಾಲ್ಲೂಕಿನಲ್ಲಿ ತೆಲಂಗಾಣದ ಗಡಿಗೆ ಸಮೀಪದ ಯಾಪಲದಿನ್ನಿಯ ತರುಣನೊಬ್ಬ ಹಾಗೆ ಹೊರಟನೆಂದು ಇಟ್ಟುಕೊಳ್ಳೋಣ. ರಾಯಚೂರು, ಮಾನ್ವಿ, ಸಿಂಧನೂರು, ಗಂಗಾವತಿ, ಕೊಪ್ಪಳ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಕಾರವಾರದ ಕಡಲು ನೋಡುವುದು ಅವನ ಮೊದಲ ಪ್ರಯಾಣ. ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ತಾಯಿಯ ಎದೆ ನಡುಗುತ್ತದೆ, ತಂದೆ 'ಬೇಡ' ಎನ್ನುತ್ತಾನೆ. ಮಗ ಮುಖ ಊದಿಸುತ್ತಾನೆ. ಇಬ್ಬರ ನಡುವಿನ ಈ ಜಗಳವನ್ನು ಬಗೆಹರಿಸಲು ಪ್ರೌಢಶಾಲೆಯ ಭೌತಶಾಸ್ತ್ರ ಸಾಕು ಎಂದರೆ ಆಶ್ಚರ್ಯವಾಗಬಹುದು.

ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ದೀಪ, ಕಿಟಕಿ ತೆರೆದರೆ ಗಾಳಿ. ಯಾವುದಕ್ಕೂ ಲೆಕ್ಕ ಇಡುವವರಿಲ್ಲ. ಚಕ್ರದ ಮೇಲಿನ ಮನೆಯಲ್ಲಿ ಪ್ರತಿಯೊಂದಕ್ಕೂ ಲೆಕ್ಕ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜ.

ಮೊದಲು ತೂಕ. ಐದು ಜನರಿಗೆಂದು ತಯಾರಾದ ವ್ಯಾನು ತಲಾ 65 ಕಿಲೋಗ್ರಾಂನಂತೆ 325 ಕಿಲೋ ಹೊರಬಲ್ಲದು ಎಂದುಕೊಳ್ಳಿ. ಮರದ ಹಲಗೆಯ ಮಂಚಕ್ಕೆ 40, ಸೀಸ-ಆಮ್ಲ ಬ್ಯಾಟರಿಗೆ 30, 60 ಲೀಟರ್ ನೀರಿಗೆ 60, ಒಲೆ ಮತ್ತು ಚಿಕ್ಕ ಅನಿಲ ಸಿಲಿಂಡರಿಗೆ 15, ಸೌರಫಲಕಕ್ಕೆ 12, ಬಟ್ಟೆಬರೆ ದವಸಕ್ಕೆ 30, ಉಪಕರಣಗಳಿಗೆ 20, ಕೊನೆಗೆ ಸವಾರನೇ 65. ಒಟ್ಟು 272 ಕಿಲೋ. ಒಬ್ಬನೇ ಹೊರಟರೂ ನಾಲ್ವರ ಭಾರಕ್ಕಿಂತ ಹೆಚ್ಚಾಯಿತು!

ಅಮೆರಿಕದ ಕಾದಂಬರಿಕಾರ ಜಾನ್ ಸ್ಟೀನ್‌ಬೆಕ್ 1960ರ ಸೆಪ್ಟೆಂಬರಿನಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಇಂಥದೇ ಪ್ರಯಾಣ ಹೊರಟ. ಪಿಕಪ್ ಟ್ರಕ್ಕಿನ ಮೇಲೆ ಹೇಳಿ ಮಾಡಿಸಿದ ಪುಟ್ಟ ಮನೆ, ಜೊತೆಗೆ ಚಾರ್ಲಿ ಎಂಬ ನಾಯಿ. ವಾಹನಕ್ಕೆ ಡಾನ್ ಕ್ವಿಕ್ಸಾಟನ ಬಡಕಲು ಕುದುರೆಯ ಹೆಸರಾದ 'ರೋಸಿನಾಂಟೆ' ಎಂದೇ ಹೆಸರಿಟ್ಟಿದ್ದ. ಓದಬೇಕೆಂದು ಬಾಕಿ ಉಳಿದ 150 ಪೌಂಡ್, ಅಂದರೆ ಸುಮಾರು 68 ಕಿಲೋ ಪುಸ್ತಕಗಳನ್ನೂ ಹೇರಿಕೊಂಡಿದ್ದ. ಮೇಲಿನ ಪಟ್ಟಿಗೆ ಅಷ್ಟು ಪುಸ್ತಕ ಸೇರಿಸಿದರೆ 340 ಕಿಲೋ. ಅಲ್ಲಿಗೆ ಯಾಪಲದಿನ್ನಿಯ ವ್ಯಾನು ಮಿತಿ ಮೀರಿತು. ಆದರೆ ಇದೇ ಲೇಖಕ ಒಂದು ಜಾಣತನವನ್ನೂ ಮಾಡಿದ. ಮುಚ್ಚಳವಿರುವ ಬಕೆಟ್ಟಿಗೆ ನೀರು, ಸೋಪಿನ ಪುಡಿ, ಬಟ್ಟೆ ಹಾಕಿ ಎಳೆದರೆ ಹಿಗ್ಗುವ ಹಗ್ಗದಲ್ಲಿ ತೂಗುಹಾಕಿದ. ರಸ್ತೆಯ ಕುಲುಕಾಟಕ್ಕೆ ಬಟ್ಟೆ ತಾನಾಗಿ ಒಗೆದುಕೊಂಡಿತು. ತೂಕವೂ ಇಲ್ಲ, ವಿದ್ಯುತ್ತೂ ಬೇಡ. ವಿಜ್ಞಾನವೆಂದರೆ ದುಬಾರಿ ಯಂತ್ರ ಎಂದು ತಿಳಿದವರು ಈ ಬಕೆಟ್ಟನ್ನು ನೆನೆಯಬೇಕು.

ನಮ್ಮವರೇ ಆದ ಇನ್ನೊಬ್ಬರ ಉದಾಹರಣೆಯೂ ಇದೆ. ಮೈಸೂರಿನ ಡಿ. ಕೃಷ್ಣಕುಮಾರ್ 2018ರ ಜನವರಿ 16ರಂದು ತಂದೆ ಕೊಡಿಸಿದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಯಾತ್ರೆ ಹೊರಟರು. ಭಾರತವಲ್ಲದೆ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಕಂಡು, 56 ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ 2020ರಲ್ಲಿ ಊರಿಗೆ ಮರಳಿದರು. ಅವರು ಹೊತ್ತದ್ದು ಸ್ಕೂಟರಿಗೆ ಹಿಡಿಸುವಷ್ಟು ಮಾತ್ರ. ದೂರ ಹೋಗುವವನು ಬಹಳ ಹೊರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎಷ್ಟು ತೂಕ ಎಂಬುದರಷ್ಟೇ ಮುಖ್ಯ, ಅದು ಎಲ್ಲಿದೆ ಎಂಬುದು. ಹತ್ತಿಯನ್ನು ಗೋಪುರದಂತೆ ಹೇರಿದ ಟ್ರ್ಯಾಕ್ಟರ್ ಟ್ರೇಲರು ತಿರುವಿನಲ್ಲಿ ಓಲಾಡುವುದನ್ನು ರಾಯಚೂರು ಸೀಮೆಯ ಮಕ್ಕಳೆಲ್ಲ ನೋಡಿದ್ದಾರೆ. ಗುರುತ್ವಕೇಂದ್ರ ಮೇಲೇರಿದಷ್ಟೂ ವಾಹನ ಉರುಳುವ ಭಯ ಹೆಚ್ಚು. ಆದ್ದರಿಂದ ನೀರಿನ ತೊಟ್ಟಿ, ಬ್ಯಾಟರಿಗಳು ನೆಲಮಟ್ಟದಲ್ಲಿ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಇರಬೇಕು. ಚಾವಣಿಯ ಮೇಲೆ ಹಗುರವಾದುದು ಮಾತ್ರ.

ಒಳಗಿನ ಪ್ರತಿ ವಸ್ತುವನ್ನೂ ಬಿಗಿಯಾಗಿ ಕಟ್ಟಬೇಕು. ಏಕೆ? ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಈ ವೇಗದ ವ್ಯಾನು ಏನಕ್ಕಾದರೂ ಗುದ್ದಿ ಥಟ್ಟನೆ ನಿಂತರೆ, ಕಟ್ಟದೆ ಇಟ್ಟ ಪಾತ್ರೆ ಅದೇ ವೇಗದಲ್ಲಿ ಸವಾರನ ಬೆನ್ನಿಗೆ ಬರುತ್ತದೆ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ ನೋಡಿ: ಸುಮಾರು 14 ಮೀಟರ್. ಅಂದರೆ ಆ ಪಾತ್ರೆ ನಾಲ್ಕು ಅಂತಸ್ತಿನ ಮೇಲಿನಿಂದ ಬಿದ್ದಂತೆ!

ಇನ್ನು ಅರಬೈಲು ಘಟ್ಟ. ಸಮುದ್ರ ಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿರುವ ಯಲ್ಲಾಪುರದಿಂದ ದಾರಿ ಕಡಲ ಕಡೆಗೆ ಇಳಿಯುತ್ತದೆ. 1,400 ಕಿಲೋ ತೂಕದ ವ್ಯಾನು 500 ಮೀಟರ್ ಇಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 69 ಲಕ್ಷ ಜೂಲ್. 30 ಡಿಗ್ರಿಯ 23 ಲೀಟರ್ ನೀರು ಕುದಿಯಲು ಬೇಕಾಗುವಷ್ಟು ಶಾಖ ಅದು. ಸವಾರ ಬ್ರೇಕನ್ನೇ ಒತ್ತಿ ಹಿಡಿದರೆ ಇದರ ಬಹುಪಾಲು ಬ್ರೇಕುಗಳಿಗೆ ಹೋಗುತ್ತದೆ. ಅವು ಕಾದು ಹಿಡಿತ ಬಿಡುವುದು ಆಗಲೇ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನೇ ವೇಗವನ್ನು ತಡೆದು ಹಿಡಿಯುತ್ತದೆ. ತೂಕ ಕಡಿಮೆ ಮಾಡಿದ ಪ್ರತಿ ಕಿಲೋ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಎರಡನೆಯದು ನೀರು ಮತ್ತು ವಿದ್ಯುತ್ತು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಪ್ರದೇಶದ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಗುರಿ ಇಟ್ಟಿತು. ವ್ಯಾನಿನಲ್ಲಿರುವುದೇ 60 ಲೀಟರ್! ಅದು ಮೂರು ದಿನ ಬರಬೇಕಾದರೆ ದಿನಕ್ಕೆ 20 ಲೀಟರಿನಲ್ಲಿ ಕುಡಿಯುವುದು, ಅಡಿಗೆ, ಮೈ ಒರೆಸುವುದು ಎಲ್ಲ ಮುಗಿಯಬೇಕು. ಬೇಸಿಗೆಯಲ್ಲಿ ದೂರದಿಂದ ಕೊಡ ಹೊತ್ತು ತಂದ ಮನೆಯವರಿಗೆ ಈ ಪಾಠ ಹೊಸದಲ್ಲ.

ರಾಯಚೂರು ತಾಲ್ಲೂಕಿನಲ್ಲೇ ಇರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಅಲ್ಲಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ವ್ಯಾನಿನ ವಿದ್ಯುತ್ ಕೇಂದ್ರವೋ ಚಾವಣಿಯ ಮೇಲಿನ 200 ವಾಟಿನ ಒಂದು ಫಲಕ! ಒಳ್ಳೆಯ ಬಿಸಿಲಿನ ಐದು ಗಂಟೆ ಸಿಕ್ಕಿದರೆ ಲೆಕ್ಕಕ್ಕೆ 1,000 ವಾಟ್-ಗಂಟೆ. ರಾಯಚೂರಿನ ಬಿಸಿಲು ಹೆಚ್ಚು, ಆದ್ದರಿಂದ ವಿದ್ಯುತ್ತೂ ಹೆಚ್ಚು ಎಂದು ಹಲವರು ನಂಬಿದ್ದಾರೆ. ಅರ್ಧ ಮಾತ್ರ ನಿಜ. ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸಿಲಿಕಾನ್ ಫಲಕ ಶೇಕಡಾ 0.4ರಷ್ಟು ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಚಾವಣಿಯ ಮೇಲೆ ಅದು 65 ಡಿಗ್ರಿಗೆ ಕಾದರೆ ಶೇಕಡಾ 16ರಷ್ಟು ನಷ್ಟ. ದೂಳು ಮತ್ತು ತಂತಿಯ ನಷ್ಟ ಸೇರಿದರೆ ಕೈಗೆ ಸಿಗುವುದು 700ರ ಆಸುಪಾಸು.

ಖರ್ಚು ನೋಡಿ. 5 ವಾಟಿನ ಎರಡು ದೀಪ ನಾಲ್ಕು ಗಂಟೆ ಉರಿದರೆ 40. 20 ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 160. ಮೊಬೈಲು, ಲ್ಯಾಪ್‌ಟಾಪಿಗೆ 120. ಒಟ್ಟು 320 ವಾಟ್-ಗಂಟೆ. ನೆಮ್ಮದಿಯ ಸಂಸಾರ! ಆದರೆ 1,800 ವಾಟಿನ ವಿದ್ಯುತ್ ಒಲೆ ತಂದಿಟ್ಟರೆ ಕಥೆ ಬೇರೆ. 12 ವೋಲ್ಟಿನ 100 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ 1,200 ವಾಟ್-ಗಂಟೆ ಇರುತ್ತದೆ. ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧದಷ್ಟೇ ಬಳಸಬೇಕು. ಆ ಒಲೆ 20 ನಿಮಿಷದಲ್ಲಿ ಅಷ್ಟನ್ನೂ ನುಂಗುತ್ತದೆ. ಅಷ್ಟೇ ಅಲ್ಲ, ಆಗ ತಂತಿಯಲ್ಲಿ ಹರಿಯುವುದು 150 ಆಂಪಿಯರ್. ತಂತಿಯ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆಂಬ ಜೂಲನ ನಿಯಮವನ್ನು ಪರೀಕ್ಷೆಗೆ ಮಾತ್ರ ಓದಿದವನ ವ್ಯಾನಿಗೆ ಬೆಂಕಿ ಬೀಳುವುದು ಹೀಗೆಯೇ. ದಪ್ಪ ತಂತಿ ಮತ್ತು ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕಡ್ಡಾಯ.

ಮೂರನೆಯದು ಗಾಳಿ. ಜೀವದ ಪ್ರಶ್ನೆ ಇರುವುದು ಇಲ್ಲಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರ ಬಳಿ ರಸ್ತೆಬದಿಯಲ್ಲಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಗಾಯವಿಲ್ಲ, ಜಗಳದ ಗುರುತಿಲ್ಲ. ಕೋಯಿಕ್ಕೋಡಿನ ಎನ್‌ಐಟಿಯ ತಜ್ಞರೂ ಸೇರಿ ನಡೆಸಿದ ಪರೀಕ್ಷೆಯಲ್ಲಿ, ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದು ಗೊತ್ತಾಯಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನನ್ನು ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುತ್ತದೆ. ಮಲಗಿದವನಿಗೆ ಉಸಿರು ಕಟ್ಟಿದ್ದೂ ತಿಳಿಯುವುದಿಲ್ಲ, ನಿದ್ದೆಯೇ ಮರಣವಾಗುತ್ತದೆ.

ಒಂಟಿ ಪ್ರಯಾಣಿಕನನ್ನು ಎಬ್ಬಿಸುವವರು ಯಾರು? ಆದ್ದರಿಂದ ಎಂಜಿನ್ನೋ ಜನರೇಟರೋ ಓಡುತ್ತಿರುವಾಗ ಮುಚ್ಚಿದ ವ್ಯಾನಿನಲ್ಲಿ ಮಲಗಬಾರದು. ಚಳಿಯೆಂದು ಒಳಗೆ ಕೆಂಡ ಇಡಬಾರದು. ಅಡಿಗೆ ಬಾಗಿಲು ತೆರೆದೇ ಆಗಬೇಕು, ಸಾಧ್ಯವಾದರೆ ಹೊರಗೆ. ಈ ಅನಿಲ ಕಂಡೊಡನೆ ಕೂಗುವ ಪುಟ್ಟ ಸಾಧನವನ್ನು ತಲೆದಿಂಬಿನ ಎತ್ತರದಲ್ಲಿ ತೂಗುಹಾಕಬೇಕು. ವಿದ್ಯಾರ್ಥಿಗಳು ಇಲ್ಲೊಂದು ಸಣ್ಣ ಲೆಕ್ಕ ಗಮನಿಸಬಹುದು. ಗಾಳಿಯ ಸರಾಸರಿ ಅಣುತೂಕ 29, ಕಾರ್ಬನ್ ಮೊನಾಕ್ಸೈಡಿನದು 28. ಹೀಗಾಗಿ ಅದು ಗಾಳಿಯಲ್ಲಿ ಬೆರೆತು ಎಲ್ಲೆಡೆ ಹರಡುತ್ತದೆ. ಅಡಿಗೆ ಅನಿಲದಲ್ಲಿರುವ ಪ್ರೊಪೇನಿನದು 44, ಬ್ಯೂಟೇನಿನದು 58. ಸೋರಿದರೆ ಅದು ನೆಲಕ್ಕಿಳಿದು ನಿಲ್ಲುತ್ತದೆ. ಅದಕ್ಕೇ ಸಿಲಿಂಡರಿನ ಜಾಗಕ್ಕೆ ನೆಲಮಟ್ಟದಲ್ಲಿ ಗಾಳಿಕಿಂಡಿ ಬೇಕು.

ನಾಲ್ಕನೆಯದು ನಿದ್ದೆ. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿರುವವನ ಚುರುಕಿಗೆ ಸಮ ಎಂದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಮ್ಮ ಕಾನೂನಿನ ಮಿತಿ ಶೇಕಡಾ 0.03. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೂ ಓಡಿಸುವವನು ಒಂದು ಹನಿ ಕುಡಿಯದೆಯೂ ಕುಡಿದವನೇ. ಎರಡು ಗಂಟೆಗೊಮ್ಮೆ ನಿಲ್ಲುವುದು, ಕತ್ತಲಾಗುವ ಮೊದಲೇ ತಂಗುವುದು ಒಂಟಿ ಸವಾರನ ವ್ರತವಾಗಬೇಕು.

ಕೊನೆಯದಾಗಿ ಕಾನೂನು. ತಯಾರಕರ ಮೂಲ ವಿನ್ಯಾಸಕ್ಕೆ ಹೊಂದದಂತೆ ವಾಹನವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಆದ್ದರಿಂದ ವ್ಯಾನಿನ ಮೈ ಕೊರೆದು ಬೆಸುಗೆ ಹಾಕಿಸುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಬೇಕೆಂದಾಗ ಇಟ್ಟು ಬೇಡವೆಂದಾಗ ತೆಗೆಯಬಹುದಾದ ಹಾಸಿಗೆ, ಪೆಟ್ಟಿಗೆಗಳಿಂದ ಆರಂಭಿಸುವುದು ಬುದ್ಧಿವಂತಿಕೆ.

ಹಾಗಾದರೆ ಹೆತ್ತವರು ಏನು ಹೇಳಬೇಕು? 'ಬೇಡ' ಎನ್ನುವ ಬದಲು 'ಲೆಕ್ಕ ತೋರಿಸು' ಎನ್ನಲಿ. ತೂಕ, ನೀರು, ವಿದ್ಯುತ್ತು, ಗಾಳಿ, ನಿದ್ದೆ: ಐದು ಪುಟಗಳ ಒಂದು ನೋಟ್‌ಬುಕ್ಕು. ಜೊತೆಗೆ ಪ್ರತಿ ರಾತ್ರಿ ಎಲ್ಲಿ ತಂಗುವುದು, ಯಾವ ಹೊತ್ತಿಗೆ ಮನೆಗೆ ಫೋನು ಮಾಡುವುದು, ತುರ್ತು ಸಂಖ್ಯೆ 112. ಲೆಕ್ಕ ಬರೆಯಲು ಬೇಸರಪಡುವವನು ಇನ್ನೂ ಹೊರಡಲು ಸಿದ್ಧನಾಗಿಲ್ಲ. ಬರೆದವನನ್ನು ತಡೆಯಲು ಕಾರಣ ಕಡಿಮೆ.

ಮೊದಲ ರಾತ್ರಿಯ ಪ್ರಯಾಣ ಮನೆಯ ಅಂಗಳದಲ್ಲೇ ಆಗಲಿ. ಯಾಪಲದಿನ್ನಿಯ ಆ ತರುಣ ಎರಡು ದಿನ ಮನೆಯ ನಲ್ಲಿ ಮುಟ್ಟದೆ, ಮನೆಯ ವಿದ್ಯುತ್ತು ಬಳಸದೆ ವ್ಯಾನಿನಲ್ಲೇ ಬದುಕಿ ನೋಡಲಿ. ಮರೆತ ಬೆಂಕಿಪೊಟ್ಟಣ, ಸೋರುವ ನಲ್ಲಿ, ಸೆಕೆಗೆ ಬಾರದ ನಿದ್ದೆ ಎಲ್ಲವೂ ತಾಯಿಯ ಕೂಗಳತೆಯಲ್ಲೇ ಬಯಲಾಗುತ್ತವೆ. ತಪ್ಪುಗಳನ್ನು ಅಗ್ಗವಾಗಿ ಮಾಡಿ ಮುಗಿಸುವುದಕ್ಕೇ ಪ್ರಯೋಗ ಎಂದು ಹೆಸರು.

ಜಾತ್ರೆಗೆ ಹೊರಡುವ ಮುನ್ನ ಅಜ್ಜಂದಿರು ಬಂಡಿಯ ಸುತ್ತ ಒಂದು ಸುತ್ತು ಬಂದು, ಎರಡೂ ಗಾಲಿಗಳ ಕಡೆಗೀಲನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಆಮೇಲೆಯೇ ಎತ್ತು ಹೂಡುತ್ತಿದ್ದರು. ವ್ಯಾನು ಹತ್ತುವ ಮೊಮ್ಮಗನೂ ಆ ಒಂದು ಸುತ್ತನ್ನು ಮರೆಯದಿದ್ದರೆ ಕಾರವಾರದ ಕಡಲು ದೂರವಲ್ಲ, ಮರಳಿ ಬರುವ ದಾರಿಯೂ ದೂರವಲ್ಲ.