ಮರಳೊಳಗಿನ ನೀರು, ನೀರೊಳಗಿನ ಮರಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಹಿರಿಯ ರೈತರನ್ನು ‘ತಲಪರಿಗೆ ಎಂದರೇನು?’ ಎಂದು ಕೇಳಿ ನೋಡಿ. ಕೆರೆಯಂಗಳದಲ್ಲೋ ಹಳ್ಳದ ದಡದಲ್ಲೋ ಮರಳಿನಡಿಯಿಂದ ತಾನಾಗಿ ಜಿನುಗುವ ಒರತೆ, ಅದರ ನೀರನ್ನು ಹೊಲಗದ್ದೆಗೆ ಒಯ್ಯುವ ಕಾಲುವೆ ಎರಡೂ ಸೇರಿ ತಲಪರಿಗೆ. ಪಂಪು ಬೇಡ, ವಿದ್ಯುತ್ತೂ ಬೇಡ. ಬರದ ಸೀಮೆಯೆಂದೇ ಹೆಸರಾದ ಈ ತಾಲ್ಲೂಕುಗಳಲ್ಲಿ ಕೆರೆ ಬತ್ತಿದ ಮೇಲೂ ಬೆಳೆಗೆ ನೀರು ಕೊಟ್ಟ ವ್ಯವಸ್ಥೆಯಿದು.

ಇದರ ಗುಟ್ಟಿರುವುದು ಕಣದ ಗಾತ್ರದಲ್ಲಿ. ಇಲ್ಲಿನ ಬೆಟ್ಟಗಳದು ಗ್ರಾನೈಟ್ ಜಾತಿಯ ಕಲ್ಲು. ಅದು ಶಿಥಿಲವಾದಾಗ ಬೆಣಚುಕಲ್ಲಿನ ಅಂಶ ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್‌ನಂಥ ಖನಿಜಗಳು ಕ್ರಮೇಣ ಜೇಡಿಯಾಗುತ್ತವೆ. ಮಳೆನೀರು ಎರಡನ್ನೂ ಒಟ್ಟಿಗೇ ಹೊತ್ತು ತರುತ್ತದೆ. ಆದರೆ ಒಟ್ಟಿಗೇ ಇಳಿಸುವುದಿಲ್ಲ!

ನೀರಿನಲ್ಲಿ ಕಣವನ್ನು ಕೆಳಗೆಳೆಯುವುದು ಅದರ ತೂಕ. ತಡೆಯುವುದು ನೀರಿನ ಸ್ನಿಗ್ಧತೆ. ಸಣ್ಣ ಕಣಗಳು ಮುಳುಗುವ ವೇಗ ಅವುಗಳ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು 1851ರಲ್ಲಿ ಜಾರ್ಜ್ ಸ್ಟೋಕ್ಸ್ ಪ್ರಕಟಿಸಿದ ಸಿದ್ಧಾಂತದಿಂದ ತಿಳಿಯಿತು. ಲೆಕ್ಕ ಹಾಕಿ: ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು 0.1 ಮಿ.ಮೀ. ವ್ಯಾಸದ ನಯವಾದ ಮರಳಿಗೆ ಸುಮಾರು 2 ನಿಮಿಷ ಸಾಕು. 0.01 ಮಿ.ಮೀ. ಹೂಳಿಗೆ 3 ಗಂಟೆ. 0.001 ಮಿ.ಮೀ. ಜೇಡಿಗೆ ಹೆಚ್ಚುಕಡಿಮೆ 13 ದಿನ! ಹರಿಯುವ ನೀರಿನಲ್ಲಂತೂ ಸುಳಿಗಳು ಕಣಗಳನ್ನು ಮತ್ತೆ ಮತ್ತೆ ಮೇಲೆತ್ತುತ್ತವೆ. ಆದ್ದರಿಂದಲೇ ಜಯಮಂಗಲಿಯಂಥ ನದಿಯಲ್ಲಿ ರಭಸ ತಗ್ಗಿದೊಡನೆ ಮರಳು ಕೂರುತ್ತದೆ, ಜೇಡಿ ಮುಂದೆ ಸಾಗುತ್ತದೆ. ಕೆರೆಯಲ್ಲಿಯೂ ಅಷ್ಟೆ. ನೀರು ಒಳಬರುವ ಕಡೆ ಮರಳು, ಏರಿಯ ಹತ್ತಿರ ನುಣ್ಣನೆ ಗೋಡು.

ನಂಬಿಕೆ ಬಾರದಿದ್ದರೆ ಗಾಜಿನ ಸೀಸೆಯಲ್ಲಿ ಒಂದು ಹಿಡಿ ಕೆರೆಮಣ್ಣು, ಮುಕ್ಕಾಲು ಭಾಗ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ತಳದಲ್ಲಿ ಪದರಗಳು ಮೂಡುವುದನ್ನು ಗಡಿಯಾರ ಹಿಡಿದು ಬರೆದುಕೊಳ್ಳಿ. (ಸೀಸೆಯನ್ನು ನಾಲ್ಕು ದಿನ ಅಲುಗಾಡಿಸದಂತೆ ಮನೆಯವರಿಗೂ ಹೇಳಿಡಬೇಕು. ಕಷ್ಟವಿರುವುದು ಅಲ್ಲೇ.) ಮೇಲಿನ ಕದಡು ತಿಳಿಯಾಗದಿದ್ದರೆ ಚಿಟಿಕೆ ಪಟಿಕ ಹಾಕಿ. ಒಂದೇ ಬಗೆಯ ವಿದ್ಯುದಂಶವಿರುವುದರಿಂದ ಜೇಡಿಯ ಕಣಗಳು ಪರಸ್ಪರ ದೂರ ತಳ್ಳುತ್ತಿರುತ್ತವೆ. ಪಟಿಕ ಆ ವಿಕರ್ಷಣೆಯನ್ನು ಕುಂದಿಸಿ ಅವು ಗಂಟುಕಟ್ಟುವಂತೆ ಮಾಡುತ್ತದೆ. ಗಂಟು ದೊಡ್ಡದು, ಹಾಗಾಗಿ ಬೇಗ ಮುಳುಗುತ್ತದೆ.

ಒರತೆಯ ಕಣ್ಣಿನಲ್ಲಿ ಮರಳು ಕುದಿಯುವಂತೆ ಕುಣಿಯುವುದನ್ನು ಕೆಲವರಾದರೂ ನೋಡಿರಬಹುದು. ಅಲ್ಲಿ ಮೇಲ್ಮುಖವಾಗಿ ಬರುವ ನೀರಿನ ಒತ್ತಾಸೆ ಕಣಗಳ ತೂಕವನ್ನು ಸರಿಗಟ್ಟಿರುತ್ತದೆ. ಕಾಲಿಟ್ಟರೆ ಕುಸಿಯುತ್ತದೆ!

ಇನ್ನು ಮರಳಿನ ನಡುವೆ ನೀರು ಸಾಗುವ ಬಗೆಯನ್ನು 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ ಪ್ರಯೋಗಗಳಿಂದ ತೋರಿಸಿದ. ಕಣ ಹತ್ತು ಪಟ್ಟು ಸಣ್ಣದಾದರೆ ನೀರು ಸಾಗುವುದು ಸುಮಾರು ನೂರು ಪಟ್ಟು ಕಡಿಮೆ. ಒರತೆಯ ಬಾಯಿಗೆ ತೆಳ್ಳನೆಯ ಗೋಡಿನ ಪದರ ಬಿದ್ದರೂ ಸಾಕು, ಹರಿವು ಕಟ್ಟುತ್ತದೆ. ಅಚ್ಚುಕಟ್ಟಿನ ರೈತರು ಒಟ್ಟುಗೂಡಿ ತಲಪರಿಗೆಯ ಹೂಳು ತೆಗೆಯುತ್ತಿದ್ದುದು ಇದಕ್ಕೇ. ಡಾರ್ಸಿಯ ಹೆಸರು ಅವರಿಗೆ ಬೇಕಾಗಿರಲಿಲ್ಲ. ಕೊಳವೆಬಾವಿ ಬಂದ ಮೇಲೆ ಆ ಕೆಲಸ ಹಲವು ಊರುಗಳಲ್ಲಿ ನಿಂತಿತು. ಜಯಮಂಗಲಿಯ ಮರಳು ಲಾರಿ ಏರಿ ಕಟ್ಟಡಗಳಿಗೆ ಹೋಯಿತು. ಮರಳು ತೆಗೆದ ಗುಂಡಿಯಲ್ಲಿ ನೀರು ನಿಲ್ಲುತ್ತದಲ್ಲ ಎನ್ನುವವರುಂಟು. ನಿಂತ ನೀರಿನಲ್ಲಿ ಮೊದಲು ಕೂರುವುದು ಏನು, ಕೊನೆಗೆ ಮೇಲೆ ಹಾಸಿಕೊಳ್ಳುವುದು ಏನು ಎಂಬುದನ್ನು ನಿಮ್ಮ ಸೀಸೆಯೇ ತೋರಿಸುತ್ತದೆ.