ನೀರು ತಂದ ಹುಡುಗಿ

ಕೊರಿಯದ ದೂರದರ್ಶನ ನಾಟಕವೆಂದರೆ ಮೂಗು ಮುರಿಯುವವರ ಪಂಕ್ತಿಯಲ್ಲಿಯೇ ನಾನೂ ಕುಳಿತಿದ್ದೆ. 2003-04ರಲ್ಲಿ 54 ಕಂತುಗಳಾಗಿ ಬಂದ, ಲೀ ಬ್ಯುಂಗ್ ಹೂನ್ ನಿರ್ದೇಶನದ ‘ದೇ ಜಾಂಗ್ ಗುಮ್’ ನನ್ನನ್ನು ಅಲ್ಲಿಂದ ಎಬ್ಬಿಸಿತು.

ಹದಿನಾರನೆಯ ಶತಮಾನದ ಜೋಸೊನ್ ಅರಮನೆ. ಅಡುಗೆಮನೆಗೆ ಸೇರಿದ ಅನಾಥ ಬಾಲಿಕೆಗೆ ಗುರು ಹಾನ್ ವಿಧಿಸುವ ಮೊದಲ ಪಾಠ ಕುಡಿಯುವ ನೀರು ತರುವುದು, ಅಷ್ಟೆ. ಬಗೆಬಗೆಯಾಗಿ ತಂದರೂ ಒಪ್ಪಿಗೆಯಿಲ್ಲ; ದಿನಗಳು ಉರುಳುತ್ತವೆ. ಕೊನೆಗೊಮ್ಮೆ ಹುಡುಗಿ, ತಮಗೆ ಹೊಟ್ಟೆನೋವಿದೆಯೆ, ಗಂಟಲು ಹೇಗಿದೆಯೆಂದು ವಿಚಾರಿಸಿ ನೀರು ತರುತ್ತಾಳೆ. ಪಾಠ ಮುಗಿಯಿತು! ಇಪ್ಪತ್ತು ವರ್ಷ ಪಂಪ ರನ್ನರನ್ನು ಬೋಧಿಸಿದ ನಾನು, ಎದುರು ಕುಳಿತವರ ಬಾಯಾರಿಕೆಯನ್ನು ಎಂದಾದರೂ ವಿಚಾರಿಸಿದ್ದೆನೆ? ಆ ರಾತ್ರಿ ನಿದ್ದೆ ತಡವಾಯಿತು.

ಗುರುವಿನ ಮರಣದೊಡನೆ ನಾಟಕದ ಅರ್ಧ ಜೀವ ಹೋಯಿತೆಂದೇ ನನ್ನ ಅಭಿಪ್ರಾಯ. ನಾಯಿಕೆ ವೈದ್ಯೆಯಾದ ಮೇಲೆ ಒಂದು ರೋಗ, ಒಂದು ಒಳಸಂಚು, ಒಂದು ಜಯ, ಮತ್ತೆ ಅದೇ. ಪ್ರಿಯಕರನಂತೂ ಕರೆಯದೆಯೇ ಸಕಾಲಕ್ಕೆ ಒದಗುವನು. ದೊರೆ ಜುಂಗ್‌ಜೋಂಗನ ಕಾಲದ ವೃತ್ತಾಂತದಲ್ಲಿ ಜಾಂಗ್ ಗುಮ್ ಎಂಬ ವೈದ್ಯೆಯ ಬಗ್ಗೆ ಇರುವುದು ಚದುರಿದ ಕೆಲವೇ ಉಲ್ಲೇಖಗಳು. ಕಲ್ಪನೆಗೆ ಇಷ್ಟು ಬಯಲಿದ್ದೂ ಆಕೆಯನ್ನು ಕಳಂಕವೇ ಇಲ್ಲದ ಪುತ್ಥಳಿಯಾಗಿ ಏಕೆ ಕಡೆಯಬೇಕಾಗಿತ್ತು?

ನನ್ನನ್ನು ಕಾಡುವವಳು ಪ್ರತಿಸ್ಪರ್ಧಿ ಗುಮ್ ಯಂಗ್. ಪ್ರತಿಭೆಯುಂಟು, ಅಭಿಮಾನವುಂಟು, ಆದರೆ ಚೋಯ್ ಮನೆತನದ ಋಣ ಆಕೆಯನ್ನು ಅಧರ್ಮದ ಪಕ್ಷದಲ್ಲಿ ನಿಲ್ಲಿಸಿದೆ. ಕರ್ಣನನ್ನು ಬಲ್ಲ ನಮಗೆ ಆ ಸಂಕಟ ಹೊಸದಲ್ಲ. ಲೇಖಕಿ ಕಿಮ್ ಯಂಗ್ ಹ್ಯೊನ್ ರೋಗಗಳಿಗೆ ಮೀಸಲಿಟ್ಟ ಕಂತುಗಳಲ್ಲಿ ನಾಲ್ಕನ್ನು ಈಕೆಗೆ ಬಿಟ್ಟುಕೊಟ್ಟಿದ್ದರೆ ನಷ್ಟವೇನೂ ಆಗುತ್ತಿರಲಿಲ್ಲ.