ಎಂಆರ್‌ಐ ಅನ್ನೋ ಮೂಢನಂಬಿಕೆ

ಕುತ್ತಿಗೆ ನೋವು ಅಂತ ಆಫೀಸಿನಲ್ಲಿ ಬಾಯಿಬಿಟ್ಟು ನೋಡಿ. ಪಕ್ಕದ ಸೀಟಿನವರು ಥಟ್ಟನೆ ಹೇಳ್ತಾರೆ: "ಸುಮ್ನೆ ಒಂದು ಎಂಆರ್‌ಐ ಮಾಡಿಸಿಬಿಡಿ." ಆ್ಯಪಿನಲ್ಲಿ ಡಿಸ್ಕೌಂಟ್ ಇದೆ, ಭಾನುವಾರ ಸ್ಲಾಟ್ ಸಿಗುತ್ತೆ. ಡಾಕ್ಟರು ಕುತ್ತಿಗೆ ಮುಟ್ಟಿ ನೋಡುವ ಮೊದಲೇ ರಿಪೋರ್ಟು ವಾಟ್ಸಾಪಿಗೆ ಬಂದಿರುತ್ತೆ. ದುಬಾರಿ ಮಷೀನಿಗೆ ಎಲ್ಲವೂ ಕಾಣುತ್ತೆ ಅನ್ನೋದು ನಮ್ಮ ತಲೆಮಾರಿನ ಮೂಢನಂಬಿಕೆ. ರಾಹುಕಾಲ ನೋಡೋ ಅಜ್ಜಿಯನ್ನ ನೋಡಿ ನಗೋ ಹಕ್ಕು ನಮಗಿಲ್ಲ.

ಒಂದು ಕಾಯಿಲೆ ನೋಡಿ. ಬೆನ್ನುಮೂಳೆಗಳ ಹಿಂಬದಿಗೆ ಅಂಟಿಕೊಂಡು, ಕುತ್ತಿಗೆಯಿಂದ ಸೊಂಟದ ತನಕ ಪಟ್ಟಿಯಂತೆ ಇಳಿಯುವ ಒಂದು ಲಿಗಮೆಂಟ್ ಇದೆ. ಅದರ ಬೆನ್ನಿಗೇ ಬೆನ್ನುಹುರಿ. ಕೆಲವರಲ್ಲಿ ಈ ಪಟ್ಟಿ ವರ್ಷಗಟ್ಟಲೆ ನಿಧಾನವಾಗಿ ಮೂಳೆಯಾಗುತ್ತಾ ಹುರಿಯನ್ನು ಒತ್ತತೊಡಗುತ್ತೆ. ಡಾಕ್ಟರುಗಳ ಭಾಷೆಯಲ್ಲಿ ಇದು ಒಪಿಎಲ್‌ಎಲ್. ಜಪಾನಿನಲ್ಲಿ ಹೆಚ್ಚಾಗಿ ಕಂಡದ್ದರಿಂದ 'ಜಪಾನಿನ ಕಾಯಿಲೆ' ಅಂತಲೇ ಒಂದು ಕಾಲಕ್ಕೆ ಹೆಸರಾಗಿತ್ತು. ನಮ್ಮಲ್ಲೂ ಇದೆ.

ಇಲ್ಲಿ ನಿಮ್ಮ ಎಂಆರ್‌ಐ ತಡವರಿಸುತ್ತೆ. ಅದರ ಚಿತ್ರದಲ್ಲಿ ಗಟ್ಟಿ ಮೂಳೆಯೂ ಕಪ್ಪು, ಲಿಗಮೆಂಟೂ ಕಪ್ಪು. ಮೂಳೆಯಾಗಿರೋದನ್ನ ಬರೀ ಡಿಸ್ಕ್ ಉಬ್ಬಿದೆ ಅಂದುಕೊಳ್ಳೋದು ಸುಲಭ. ಸಿಟಿ ಸ್ಕ್ಯಾನಿನಲ್ಲಾದರೆ ಮೂಳೆ ಬೆಳ್ಳಗೆ ಎದ್ದು ಕಾಣುತ್ತೆ: ಎಷ್ಟು ದಪ್ಪ, ಉದ್ದಕ್ಕೂ ಇದೆಯೋ ತುಂಡುತುಂಡಾಗಿದೆಯೋ, ಹುರಿಯ ಜಾಗವನ್ನ ಎಷ್ಟು ತಿಂದಿದೆ. ಆದರೆ ಹುರಿಗೆ ಆಗಿರೋ ಪೆಟ್ಟು ಸಿಟಿಯಲ್ಲಿ ಸರಿಯಾಗಿ ಕಾಣಲ್ಲ, ಅದಕ್ಕೆ ಎಂಆರ್‌ಐಯೇ ಬೇಕು. ಇನ್ನು ಬಡಪಾಯಿ ಎಕ್ಸ್‌ರೇ? 2008ರಲ್ಲಿ ಜಪಾನಿನ ಸರ್ಜನ್‌ಗಳು ಪಕ್ಕದಿಂದ ತೆಗೆದ ಕುತ್ತಿಗೆಯ ಎಕ್ಸ್‌ರೇ ಮೇಲೆ ಒಂದು ಗೆರೆ ಎಳೆದರು. ಕುತ್ತಿಗೆಯ 2ನೇ ಮತ್ತು 7ನೇ ಮೂಳೆಗಳ ಮಟ್ಟದಲ್ಲಿ ಹುರಿ ಹಾದುಹೋಗುವ ದಾರಿಯ ನಡುಬಿಂದುಗಳನ್ನ ಸೇರಿಸುವ ಗೆರೆ. ಹೆಸರು ಕೆ-ಲೈನ್. ಬೆಳೆದ ಮೂಳೆ ಈ ಗೆರೆ ದಾಟಿದ್ದರೆ, ಹಿಂದಿನಿಂದ ಮಾಡುವ ಆಪರೇಷನ್ನಿನಿಂದ ಸಾಕಷ್ಟು ಗುಣ ಸಿಗೋದು ಕಷ್ಟ. ಯಾವ ಕಡೆಯಿಂದ ಕುತ್ತಿಗೆ ಕುಯ್ಯಬೇಕು ಅನ್ನೋ ತೀರ್ಮಾನಕ್ಕೆ ಒಂದು ಸ್ಕೇಲು, ಒಂದು ಪೆನ್ಸಿಲ್ಲು!

"ಸರಿ, ಮೂರೂ ಮಾಡಿಸ್ತೀನಿ ಬಿಡಿ" ಅಂತೀರಾ? ಅದೇ ಚಾಳಿ. ಸಿಟಿ ಅಂದ್ರೆ ವಿಕಿರಣ, ತಮಾಷೆಯಲ್ಲ. ಮೊದಲು ಪ್ರಶ್ನೆ, ಆಮೇಲೆ ಚಿತ್ರ. ಅಂಗಿಯ ಗುಂಡಿ ಹಾಕೋಕೆ ಬೆರಳು ತಡವರಿಸ್ತಿದೆಯಾ? ನಡೆಯುವಾಗ ಕಾಲು ತಪ್ಪುತ್ತಿದೆಯಾ? ಮೊಣಕಾಲಿಗೆ ಸುತ್ತಿಗೆ ತಟ್ಟಿದ್ರೆ ಕಾಲು ಜೋರಾಗಿ ಎಗರುತ್ತಾ? ಇದನ್ನ ಪತ್ತೆ ಮಾಡೋಕೆ ಕೈ, ಕಣ್ಣು, ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಕೊಡದ ಡಾಕ್ಟರನ್ನ ನಾವು ಪ್ರಶ್ನಿಸಲ್ಲ, ಸ್ಕ್ಯಾನ್ ಬರೆಯದವರನ್ನ ಮಾತ್ರ ದಡ್ಡರು ಅಂತೀವಿ.

ನನಗೆ ಸಿಟ್ಟು ಬರೋದು ಇನ್ನೊಂದು ಕಾರಣಕ್ಕೆ. ನನ್ನ ತಾಯಿಯ ಕಡೆಯವರು ಪಾವಗಡದವರು. ನೀವು ಸೋಲಾರ್ ಪಾರ್ಕಿನ ಹೆಸರಲ್ಲಿ ಕೇಳಿರೋ ಅದೇ ಪಾವಗಡ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ನಿಯಮ. ದಾಟಿದ ನೀರನ್ನ ವರ್ಷಾನುಗಟ್ಟಲೆ ಕುಡಿದವರಲ್ಲೂ ಲಿಗಮೆಂಟುಗಳು ಮೂಳೆಯಾಗ್ತವೆ, ಬೆನ್ನು ಕಟ್ಟಿಗೆಯಾಗುತ್ತೆ, ಕೆಲವರಲ್ಲಿ ಬೆನ್ನುಹುರಿಯೂ ನಜ್ಜಾಗುತ್ತೆ. ಇದರ ಗುರುತು ಹಿಡಿಯೋಕೆ ಕುತ್ತಿಗೆಯನ್ನೇ ನೋಡಬೇಕಿಲ್ಲ. ಮುಂಗೈಯ ಒಂದು ಎಕ್ಸ್‌ರೇ ಸಾಕು: ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿ, ಅಂಚು ಮುಳ್ಳುಮುಳ್ಳಾಗಿರುತ್ತೆ. ಜೊತೆಗೆ ಮೂತ್ರ, ನೀರಿನ ಪರೀಕ್ಷೆ. ಫ್ಲೋರೋಸಿಸ್‌ಗೆ 2008-09ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಆದರೂ ಸೊಂಟ ಹಿಡಿದು ಬಂದ ಮುದುಕನಿಗೆ "ವಯಸ್ಸಾಯ್ತು ತಾತ" ಅಂದು ಮಾತ್ರೆ ಕೊಟ್ಟು ಕಳಿಸೋರಿದ್ದಾರೆ. ಅವನು ಮನೆಗೆ ಹೋಗಿ ಮತ್ತೆ ಅದೇ ನೀರು ಕುಡೀತಾನೆ.

ಎಂತಹ ವ್ಯವಸ್ಥೆ ನೋಡಿ. ಲ್ಯಾಪ್‌ಟಾಪ್ ಎತ್ತರಿಸಿದ್ರೆ ಹೋಗಬಹುದಾದ ನಮ್ಮ ನೋವಿಗೆ ಕೋಟಿಗಟ್ಟಲೆ ಬೆಲೆಯ ಮಷೀನು, ಕೈ ಬೆರಳು ಸೋಲುತ್ತಿರೋ ಅವನಿಗೆ ನೂರಿನ್ನೂರು ರೂಪಾಯಿಯ ಎಕ್ಸ್‌ರೇ ಬರೆಯೋರಿಲ್ಲ. ಯಂತ್ರದ ಕೊರತೆ ಅನ್ನಬೇಡಿ. ಏನು ಹುಡುಕ್ತಿದ್ದೀವಿ ಅಂತ ಕೇಳೋರ ಕೊರತೆ.

ಮುಂದಿನ ಸಲ ಯಾರಾದ್ರೂ ಸ್ಕ್ಯಾನ್ ಬರೆದುಕೊಟ್ರೆ ಒಂದು ಪ್ರಶ್ನೆ ಕೇಳಿ: "ಇದರಲ್ಲಿ ಏನು ಹುಡುಕ್ತಿದ್ದೀರಿ? ಸಿಕ್ಕಿದ್ರೆ ಏನು ಮಾಡ್ತೀರಿ?" ಒಳ್ಳೇ ಡಾಕ್ಟರಿಗೆ ಸಿಟ್ಟು ಬರಲ್ಲ. ಊರಲ್ಲಿರೋ ಅಪ್ಪ-ಅಮ್ಮನ ಬೆನ್ನು ನೋವಿಗೆ ಪ್ಯಾಕೇಜು ಬುಕ್ ಮಾಡೋ ಮುಂಚೆ, ಅವರು ಯಾವ ನೀರು ಕುಡೀತಾರೆ ಅಂತಾನೂ ವಿಚಾರಿಸಿ.